ತಮ್ಮನ ಕಫ

ಹೊಸದುರ್ಗದ ಬಸ್‌ ನಿಲ್ದಾಣದೆದುರು ಇಡ್ಲಿ ಹೋಟೆಲು ನಡೆಸುವ ಸಣ್ಣತಿಮ್ಮಪ್ಪನಿಗೆ ಕೆಮ್ಮು ಹತ್ತಿತ್ತು. ಕೆಮ್ಮಿಗಿಂತ ಅದರ ಭಯವೇ ದೊಡ್ಡದು. ಟಿ.ಬಿ. ಎಂದು ಒಬ್ಬ ಬಾಯಿಬಿಟ್ಟರೆ ಮುಗಿಯಿತು, ನಾಳೆಯಿಂದ ಅವನ ಇಡ್ಲಿಯನ್ನು ನಾಯಿಯೂ ಮೂಸುವುದಿಲ್ಲ. ಹಾಗಾಗಿ ಕಫ ತರಲು ಡಾಕ್ಟರು ಡಬ್ಬಿ ಕೊಟ್ಟಾಗ ಅವನ ಬುದ್ಧಿ ಅಡ್ಡದಾರಿ ಹಿಡಿಯಿತು.

ತಮ್ಮ ಮಾರಣ್ಣ ಕೊಬ್ಬರಿ ಅಟ್ಟದಲ್ಲಿ ಬೂಸ್ಟು ಹಿಡಿದ ಕಾಯಿ ಆರಿಸುವವನು. ಮೂಟೆಯನ್ನು ಹೆಗಲಿಗೇರಿಸಿ ಹಾಡುತ್ತಾ ನಡೆಯುವ ಗಟ್ಟಿಗ. ಅವನಿಗೂ ಕೆಮ್ಮಿತ್ತು, ಆದರೆ ಅದು ಬೀಡಿ ಕೆಮ್ಮು ಎಂದು ಮನೆಮಂದಿಯೆಲ್ಲ ಒಪ್ಪಿಯಾಗಿತ್ತು.

“ಲೇ ಮಾರ, ಇದ್ರಾಗೆ ಒಂದೀಟು ಉಗಿಯಪ್ಪ.”

“ಯಾಕಣ್ಣ?”

“ಆಳು ಗಟ್ಟಿ ಅದೀಯ. ನಿನ್ ಕಫಾನೂ ಚೆನ್ನಾಗಿರ್ತೈತೆ.”

ಅಣ್ಣ ಹೊಗಳುವುದೇ ಅಪರೂಪ. ಮಾರಣ್ಣ ಧಾರಾಳವಾಗಿ ಕೊಟ್ಟ.

ಅದನ್ನೇ ತನ್ನದೆಂದು ಲ್ಯಾಬಿಗೆ ಕೊಟ್ಟು ಬಂದ ಸಣ್ಣತಿಮ್ಮಪ್ಪ, ಫಲಿತಾಂಶ ಕೇಳಲು ಮತ್ತೆ ಹೋದಾಗ ಬೆಂಚಿನ ತುಂಬ ಜನ. ದಿನಾ ಅವನ ಹೋಟೆಲಲ್ಲೇ ತಿಂಡಿ ತಿನ್ನುವ ಕಂಡಕ್ಟರ್‌ ಜುಂಜೇಶನೂ ಇದ್ದ. ಲ್ಯಾಬಿನ ಹೇಮಾವತಿ ಒಳಗೆ ಕರೆದಳು.

“ಯಜಮಾನ್ರೇ, ಟಿ.ಬಿ. ಹುಡುಕೋ ಕೆಂಪು ಬಣ್ಣ ಹಾಕಿ ನೋಡ್ದೆ. ಏನೂ ಇಲ್ಲ.”

ಸಣ್ಣತಿಮ್ಮಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು.

“ಆದ್ರೆ ಬೇರೆ ಬಣ್ಣದಾಗೆ ಏನೋ ಎಳೆ ಕಂಡ್ವು. ಬೆಳ್ಳಿ ದ್ರಾವಣ ಹಾಕಿದ್ಮೇಲೆ ಖಾತ್ರಿ ಆಯ್ತು. ನೀವೇ ನೋಡ್ರಿ.”

ಅವನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಹಸಿರು ನೆಲದ ಮೇಲೆ ಕಪ್ಪು ಎಳೆಗಳು ಕವಲೊಡೆದು ಹಬ್ಬಿದ್ದವು.

“ಇದು ಫಂಗಸ್ಸು. ಬೂಸ್ಟು ಅಂತೀವಲ್ಲ, ಅದೇ. ಶ್ವಾಸಕೋಶದಾಗೆ ಕುಂತೈತೋ ಏನೋ, ಇವತ್ತೇ ದುರ್ಗದ ದೊಡ್ಡಾಸ್ಪತ್ರೆಗೆ ಹೋಗಿ ಸ್ಕ್ಯಾನ್‌ ಮಾಡಿಸ್ರಿ. ಬಿಟ್ರೆ ರಕ್ತ ಕಾರೋ ಹಂಗಾಗ್ತೈತೆ. ಬೂಸ್ಟಿನ ಧೂಳಾಗೇನಾದ್ರೂ ಕೆಲ್ಸ ಮಾಡ್ತೀರೇನು?”

“ಇಡ್ಲಿ ಹೋಟ್ಲಾಗೆ ಎಲ್ಲಿ ಬರ್ಬೇಕು ಮೇಡಂ ಬೂಸ್ಟು…” ಎನ್ನುತ್ತಿದ್ದವನಿಗೆ ತಮ್ಮನ ಕೊಬ್ಬರಿ ಅಟ್ಟ ನೆನಪಾಯಿತು.

ಸುಮ್ಮನೆ ಹೋಗಿಬಿಟ್ಟರೆ ಹೋಟೆಲು ಉಳಿಯುತ್ತಿತ್ತು. ಮಾತ್ರೆ ಇವನು ನುಂಗುತ್ತಿದ್ದ, ಬೂಸ್ಟು ತಮ್ಮನನ್ನು ನುಂಗುತ್ತಿತ್ತು. ತನ್ನ ಜಾಣತನವನ್ನು ಮೆಟ್ಟಿನಲ್ಲಿ ಹೊಡೆಯಬೇಕೆನಿಸಿತು.

“ಅದು ನಂದಲ್ಲ ಮೇಡಂ! ನನ್‌ ತಮ್ಮಂದು! ನಂಗೆ ಟಿ.ಬಿ. ಅಂದ್ಬಿಡ್ತೀರೇನೋ ಅಂತ ಹೆದ್ರಿ ಅವಂದು ತಂದುಕೊಟ್ಟೆ!”

ಆ ಕೂಗಿಗೆ ಹೊರಗಿನ ಬೆಂಚೆಲ್ಲ ಬಾಗಿಲತ್ತ ತಿರುಗಿತು. ಜುಂಜೇಶ ಮೆಲ್ಲಗೆ ಹೊಟ್ಟೆ ಮುಟ್ಟಿಕೊಂಡ. ಸಣ್ಣತಿಮ್ಮಪ್ಪ ಆಗಲೇ ಫೋನು ಹಚ್ಚಿದ್ದ.

“ಲೇ ಮಾರ, ಅಟ್ಟ ಇಳಿ! ಈಗ್ಲೇ ಇಳಿ! ದುರ್ಗಕ್ಕೆ ಹೋಗಾಣ.”

“ಹೋಟ್ಲು ಯಾರು ನೋಡ್ತಾರಣ್ಣ?”

“ಹೋಟ್ಲು ಹಾಳಾಗ್ಲಿ, ನೀನು ಇಳಿಯೋ!”

ಹೇಮಾವತಿ ಬೈಯಲಿಲ್ಲ. ಹೊಸ ಡಬ್ಬಿಯೊಂದನ್ನು ಅವನ ಕೈಗಿತ್ತು ಹಿತ್ತಲ ಬಾಗಿಲು ತೋರಿಸಿದಳು. ಅಲ್ಲಿ ಬಯಲಲ್ಲಿ ನಿಂತು, ಅರ್ಧ ಹೊಸದುರ್ಗ ಕಿಟಕಿಯಿಂದ ನೋಡುತ್ತಿರುವಾಗಲೇ, ಅವನು ತಮ್ಮನಿಗಾಗಿ ಅಳುತ್ತಾ ಕೆಮ್ಮಿದ. ಈ ಸಲ ಡಬ್ಬಿಗೆ ಬಿದ್ದದ್ದು ಅವನದೇ.