ಬಿಳಿ ಕಲ್ಲಿನ ಅಂಚು

"ನಾನು ಬಸ್ಸಲ್ಲೇ ಕೂತಿರ್ತೀನಿ. ನೀನು ನೋಡ್ಕೊಂಡು ಬಾ," ಅಂದ ಫೆಸ್ಟಸ್ ಡಿವೇನಿ. ಮುಂದಿನ ಸೀಟಿನ ಬೆನ್ನನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಹೆಂಡತಿ ಅಟ್ರಾಕ್ಟಾ ಆಗಲೇ ಎದ್ದು ನಿಂತಿದ್ದಳು. "ಇಳಿ," ಅಂದಳು.

"ಮಂಡಿ ನೋವು."

"ನಿನ್ನೆ ಇಡೀ ದಿನ ಬೇಲಿ ಕಟ್ಟಿದೆಯಲ್ಲ, ಆಗ ಎಲ್ಲಿ ಹೋಗಿತ್ತು ಮಂಡಿ?"

ಹಿಂದಿನ ಸೀಟಿನಿಂದ ಬ್ರೀಜ್ ಟಾನ್ಸಿ ತಲೆ ತೂರಿಸಿದಳು. ಊರಲ್ಲಿ ಯಾರ ಮನೆಯ ಮಾತಾದರೂ ಅವಳ ಬಾಯಿಯ ಮೂಲಕವೇ ಹಾದುಹೋಗಬೇಕು. "ಬಿಡೇ ಅವನನ್ನ. ಮಠ ಅಂದ್ರೆ ಗಂಡಸರಿಗೆ ಹೆದರಿಕೆ. ಎಲ್ಲಿ ಹಿಡಿದು ಸನ್ಯಾಸಿ ಮಾಡಿಬಿಡ್ತಾರೋ ಅಂತ."

"ಈ ವಯಸ್ಸಲ್ಲಿ ಮಾಡಿದ್ರೆ ನನಗೇನೂ ನಷ್ಟ ಇಲ್ಲ," ಅಂದಳು ಅಟ್ರಾಕ್ಟಾ.

ಬಸ್ಸಿನಲ್ಲಿದ್ದ ಮುದುಕಿಯರು ನಕ್ಕರು. ಮುದುಕರು ಕಿಟಕಿಯಾಚೆ ನೋಡಿದರು. ಫೆಸ್ಟಸ್ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು, ಸಾಲಕ್ಕೆ ಸಿಕ್ಕಿದವನ ಹಾಗೆ ಒಂದೊಂದೇ ಮೆಟ್ಟಿಲು ಇಳಿದ.

ನಮ್ಮ ಚರ್ಚಿನ ಹಿರಿಯರ ಸಂಘದವರು ವರ್ಷಕ್ಕೊಂದು ಪ್ರವಾಸ ಹೋಗುತ್ತಾರೆ. ಹೋದ ವರ್ಷ ಪುಣ್ಯಕ್ಷೇತ್ರ, ಅದರ ಹಿಂದಿನ ವರ್ಷ ಚೀಸ್ ಕಾರ್ಖಾನೆ. ಈ ವರ್ಷ ಸರೋವರದ ಆಚೆ ದಡದ ಕಿಲ್‌ರೋವನ್ ಮಠ. ಅದು ಎಲ್ಲರಿಗೂ ತಂತಮ್ಮ ಅಡಿಗೆಮನೆಯಿಂದಲೇ ಕಾಣುತ್ತದೆ. ಪಾತ್ರೆ ತೊಳೆಯುವಾಗ ಕಾಣುವುದನ್ನು ನೋಡಲು ಬಸ್ಸು ಮಾಡಬೇಕೇ ಎಂದು ಸಭೆಯಲ್ಲಿ ಗೊಣಗಿದವರಿದ್ದರು. ಗೊಣಗಿದವರೆಲ್ಲ ಗಂಡಸರು. ಅಟ್ರಾಕ್ಟಾ ಹಟ ಹಿಡಿದು ಕೂತಳು, ಹೆಂಗಸರೆಲ್ಲ ಅವಳ ಕಡೆ ಕೈ ಎತ್ತಿದರು.

ಮಠ ಪಾಳುಬಿದ್ದು ನಾನೂರು ವರ್ಷದ ಮೇಲಾಗಿದೆ. ಅಷ್ಟು ಕಾಲ ಪಾಲಿಸುವವರಿಲ್ಲದೆ ಪಾಳುಬಿದ್ದದ್ದನ್ನು ಪಾಳಾಗಿಯೇ ಪಾಲಿಸಲು ಈಗ ಒಂದು ಸಮಿತಿ ಇದೆ. ಡಬ್ಲಿನ್ನಿನಲ್ಲಿ ನಿವೃತ್ತರಾಗಿ ಗಾಳಿ ಬದಲಾವಣೆಗೆ ಬಂದವರು, ಇಬ್ಬರು ಜರ್ಮನರು, ಒಬ್ಬ ಹಲ್ಲಿನ ಡಾಕ್ಟರು. ಸೂರಿಲ್ಲದ ಕಟ್ಟಡಕ್ಕೆ ಅವರು ಬಾಗಿಲು ಮಾಡಿಸಿ, ಅದಕ್ಕೊಂದು ಬೀಗವನ್ನೂ ಜಡಿದಿದ್ದರು. ಸನ್ಯಾಸಿಗಳು ಉಪವಾಸ ಕೂರುತ್ತಿದ್ದ ಕೋಣೆಯಲ್ಲಿ ಕ್ಯಾರೆಟ್ ಕೇಕು ಮಾರುತ್ತಿದ್ದರು.

ತೋರಿಸಲು ಬಂದವಳು ಗ್ರಾನ್ಯ, ನಗುಮುಖದ ಡಬ್ಲಿನ್ ಹೆಂಗಸು. ಮೋಕ್ಷದ ವಿಷಯ ಅವಳು ಹೆಚ್ಚು ಹೇಳಲಿಲ್ಲ, ಮೋರಿಯ ವಿಷಯ ಬಹಳ ಹೇಳಿದಳು. ಸನ್ಯಾಸಿಗಳ ಕಕ್ಕಸಿನ ಕೆಳಗೆ ನೀರು ಎಷ್ಟು ಜಾಣತನದಿಂದ ಹರಿಯುತ್ತಿತ್ತು ಎಂದು ಬಗ್ಗಿ ತೋರಿಸಿದಳು. ಎಲ್ಲರೂ ಬಗ್ಗಿ ನೋಡಿದರು. ಮುಂದೆ ಪ್ರಾರ್ಥನಾ ಮಂದಿರಕ್ಕೆ ಬಂದಾಗ ಮಾತು ತಾನಾಗಿಯೇ ತಗ್ಗಿತು. ಗೋಡೆಗಳು ನೆಟ್ಟಗೆ ನಿಂತಿದ್ದವು, ಅವುಗಳ ನಡುವೆ ಆಕಾಶ ನಿಂತಿತ್ತು. ಕಿಟಕಿಗಳಲ್ಲಿ ಗಾಜಿಲ್ಲದೆ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುವಾಗ, ಯಾರೋ ಏನೋ ಹೇಳಹೊರಟು ಬೇಡವೆಂದುಕೊಂಡ ಹಾಗೆ ಕೇಳುತ್ತಿತ್ತು. ಹೆಂಗಸರು ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡರು. ಅಟ್ರಾಕ್ಟಾ ಮಾತ್ರ ಗೋಡೆ ನೋಡುತ್ತಿರಲಿಲ್ಲ. ಗಂಡನ ಕಾಲನ್ನು ನೋಡುತ್ತಿದ್ದಳು, ಎಲ್ಲಿ ತಡೆಯುತ್ತದೆ ಎಂದು.

ಮದುವೆಯಾದ ಮರುವರ್ಷ ಅವಳಿಗೊಂದು ಹೆಣ್ಣು ಮಗು ಹುಟ್ಟಿತ್ತು. ಹುಟ್ಟಿತು ಅನ್ನುವಷ್ಟರಲ್ಲಿ ಹೋಗಿತ್ತು. ಜ್ಞಾನಸ್ನಾನ ಮಾಡಿಸಲೂ ಪುರುಸೊತ್ತು ಕೊಡಲಿಲ್ಲ. ಆಗಿನ ನಿಯಮದಲ್ಲಿ, ತಲೆಗೆ ಆ ನೀರು ಬೀಳದಿದ್ದರೆ ಚರ್ಚಿನ ಮಣ್ಣು ಸಿಗುತ್ತಿರಲಿಲ್ಲ. ಅಂಥ ಮಕ್ಕಳಿಗೆ ಸ್ವರ್ಗವೂ ಇಲ್ಲ, ನರಕವೂ ಇಲ್ಲ, ಎರಡರ ನಡುವೆ ಒಂದು ಪಡಸಾಲೆ ಇದೆ, ಅಲ್ಲೇ ಕೂತಿರಬೇಕು ಎಂದು ಪಾದ್ರಿ ಹೇಳುತ್ತಿದ್ದರು. ಅಪ್ಪಂದಿರು ಮುಸ್ಸಂಜೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ, ಹಾಳುಗುಡಿಯ ಹಿಂದೆಯೋ ಹೊಲದ ಮೂಲೆಯಲ್ಲೋ ಹೂತು ಬರುತ್ತಿದ್ದರು. ಫೆಸ್ಟಸ್ ತನ್ನ ಅಣ್ಣನ ದೋಣಿಯಲ್ಲಿ ಸರೋವರದ ಆಚೆ ದಡಕ್ಕೆ ಹೋಗಿದ್ದ. ಬಂದು ಕೈತೊಳೆದು ಹಸುಗಳಿಗೆ ಮೇವು ಹಾಕಿದ. ಎಲ್ಲಿ ಎಂದು ಅವಳು ಒಮ್ಮೆ ಕೇಳಿದ್ದಳು. ಅವನು ಎದ್ದು ಕೊಟ್ಟಿಗೆಗೆ ಹೋಗಿದ್ದ. ಹೆಂಡತಿಗೆ ಹೇಳಬಾರದು ಎಂಬುದೂ ಆಗಿನ ನಿಯಮವೇ. ಹೇಳದಿದ್ದರೆ ಮರೆಯುತ್ತಾರೆ ಎಂದು ಗಂಡಸರು ನಂಬಿದ್ದರು.

ಆಮೇಲೆ ನಾಲ್ಕು ಮಕ್ಕಳಾದವು, ಬೆಳೆದವು. ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ ಅಟ್ರಾಕ್ಟಾ ಉತ್ತರ ಕೊಡುವ ಮುಂಚೆ ಒಂದು ಉಸಿರು ತಡೆಯುತ್ತಿದ್ದಳು.

ಈಚೆಗೆ ರೋಮಿನಿಂದ ಸಮಾಚಾರ ಬಂದಿದೆ, ಆ ಪಡಸಾಲೆ ಇರಲೇಬೇಕು ಎಂದೇನಿಲ್ಲವಂತೆ. ಅಷ್ಟು ಕಾಲ ಅಲ್ಲಿ ಕೂರಿಸಿದ್ದ ಮಕ್ಕಳನ್ನು ಎಬ್ಬಿಸಿ ಎಲ್ಲಿಗೆ ಕಳಿಸಿದರು ಎಂದು ಯಾರೂ ತಿಳಿಸಲಿಲ್ಲ. ಅಟ್ರಾಕ್ಟಾಗೆ ಮೇಲಿನ ವಿಳಾಸ ಬೇಕಿರಲಿಲ್ಲ. ಕೆಳಗಿನದು ಬೇಕಿತ್ತು. ಚಳಿಗಾಲದಲ್ಲಿ ಫೆಸ್ಟಸ್ ಎದೆನೋವೆಂದು ಆಸ್ಪತ್ರೆ ಸೇರಿ ಬಂದಮೇಲೆ ಅವಳಿಗೆ ಒಂದೇ ಚಿಂತೆ. ಅವನ ಅಣ್ಣ ಯಾವಾಗಲೋ ಹೋಗಿದ್ದ. ಇವನೂ ಹೋದರೆ ಮಗು ಇರುವ ಜಾಗ ಇವನ ಜತೆಯಲ್ಲೇ ಹೋಗುತ್ತದೆ.

"ಈಗ ತೋಟ," ಅಂದಳು ಗ್ರಾನ್ಯ. "ನಮ್ಮ ಹೆಮ್ಮೆ ಇದು."

ಹೆಮ್ಮೆಪಡುವಂತೆಯೇ ಇತ್ತು. ಸೆಪ್ಟೆಂಬರಿನ ಎಳೆ ಬಿಸಿಲಿಗೆ ಲ್ಯಾವೆಂಡರಿನ ಬಣ್ಣ ಇನ್ನೂ ಮಾಸಿರಲಿಲ್ಲ. ಸನ್ಯಾಸಿಗಳು ಬೆಳೆಯುತ್ತಿದ್ದರೆಂಬ ಔಷಧಿ ಗಿಡಗಳು, ಪ್ರತಿಯೊಂದಕ್ಕೂ ಹೆಸರಿನ ಹಲಗೆ. ಪಾತಿಗಳ ಸುತ್ತ ಬಿಳಿ ಕಲ್ಲಿನ ಅಂಚು. ಕೋಳಿಮೊಟ್ಟೆಗಿಂತ ದೊಡ್ಡವು, ಬ್ರೆಡ್ಡಿಗಿಂತ ಚಿಕ್ಕವು, ಸಾಲಾಗಿ ಒಂದಕ್ಕೊಂದು ಆತುಕೊಂಡು ಮಿನುಗುತ್ತಿದ್ದವು.

"ಚೆನ್ನಾಗಿದೆ," ಅಂದಳು ಬ್ರೀಜ್. "ಎಲ್ಲಿಂದ ತರಿಸಿದ್ರಿ?"

"ಎಲ್ಲಿಂದಲೂ ಇಲ್ಲ, ಎಲ್ಲಾ ಇಲ್ಲೇ ಸಿಕ್ಕಿದ್ದು," ಗ್ರಾನ್ಯಳ ಮುಖ ಅರಳಿತು. "ಉತ್ತರದ ಗೋಡೆ ಹಿಂದೆ ಹುಲ್ಲಲ್ಲಿ ಎಲ್ಲೆಂದರಲ್ಲಿ ಬಿದ್ದಿದ್ವು. ಹುಲ್ಲು ಹೊಡೆಯೋ ಮೆಷಿನ್ನಿನ ಬ್ಲೇಡು ಮುರೀತಾ ಇತ್ತು. ಸಮಿತಿಯವರೆಲ್ಲ ಸೇರಿ ಆರಿಸಿ, ತೊಳೆದು, ಹೀಗೆ ಜೋಡಿಸಿದ್ವಿ."

"ತೊಳೆದು," ಅಂದ ಫೆಸ್ಟಸ್.

ಬಸ್ಸಿನಿಂದ ಇಳಿದಮೇಲೆ ಅವನು ಆಡಿದ ಮೊದಲ ಮಾತು ಅದು. ಗ್ರಾನ್ಯ ಅದನ್ನು ಪ್ರಶ್ನೆ ಎಂದುಕೊಂಡು, "ಹೌದು, ಬ್ರಷ್ ಹಾಕಿ," ಅಂದಳು. ಹಿಂದೆ ನಿಂತಿದ್ದ ಮುದುಕರಲ್ಲಿ ಒಬ್ಬ ಟೋಪಿ ತೆಗೆದ. ಪಕ್ಕದವನೂ ತೆಗೆದ. ಸಮಿತಿಯವರು ಈ ಊರಲ್ಲಿ ಯಾರನ್ನೂ ಕೇಳಿರಲಿಲ್ಲ ಎಂದಲ್ಲ, ಕೇಳಿದ್ದರು. ಗೊತ್ತಿದ್ದವರು ಬಾಯಿ ಬಿಟ್ಟಿರಲಿಲ್ಲ, ಬಾಯಿ ಬಿಟ್ಟವರಿಗೆ ಗೊತ್ತಿರಲಿಲ್ಲ.

ಫೆಸ್ಟಸ್ ಪಾತಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಒಂದು ಕಲ್ಲೆತ್ತಿದ, ತಿರುಗಿಸಿದ, ಇಟ್ಟ. ಇನ್ನೊಂದನ್ನು ಎತ್ತಿದ. ಅಟ್ರಾಕ್ಟಾ ಅವನ ಪಕ್ಕ ಬಂದು ನಿಂತಳು. ಅವಳಿಗೆ ಕೇಳುವ ಅಗತ್ಯವೇ ಬೀಳಲಿಲ್ಲ.

"ನಮ್ಮ ಹೊಲದ್ದು," ಅಂದ ಅವನು, ತಲೆ ಎತ್ತದೆ. "ಗುರುತಿಗೆ ಮೇಲಿಡೋಣ ಅಂತ ಜೇಬಲ್ಲಿ ಹಾಕ್ಕೊಂಡು ಹೋಗಿದ್ದೆ. ಒಂದು ಪಕ್ಕ ತುಕ್ಕಿನ ಬಣ್ಣದ ಗೆರೆ ಇತ್ತು."

"ಇದಾ?"

"ಅಲ್ಲ."

"ಇದು?"

"ಎಲ್ಲಾ ಬೆಳ್ಳಗೆ ಮಾಡಿಟ್ಟಿದಾರೆ, ಅಟ್ರಾಕ್ಟಾ."

ಬ್ರೀಜ್ ಈ ಕಡೆ ನೋಡುತ್ತ ನಿಂತಿದ್ದಳು. ಅವಳ ಗಂಡ ಪ್ಯಾಟ್ ತೀರಿಕೊಂಡು ಆರು ವರ್ಷವಾಗಿತ್ತು. "ನಮ್ಮನೆಯವನು ಎಲ್ಲಿ ಅಂತ ಹೇಳದೇನೇ ಹೋದ," ಅಂದಳು, ಯಾರಿಗೂ ಅಲ್ಲದೆ. ಊರಿನ ಮಾತೆಲ್ಲ ಆಡಿದ ಬಾಯಿ ಅದೊಂದು ಮಾತನ್ನು ಅಲ್ಲಿಯ ತನಕ ಆಡಿರಲಿಲ್ಲ.

ಅಟ್ರಾಕ್ಟಾ ಗಂಡನ ಕಂಕುಳಿಗೆ ಕೈಹಾಕಿ ಎಬ್ಬಿಸಿದಳು. "ಕಲ್ಲು ಬೇಡ. ಜಾಗ ತೋರ್ಸು."

ಉತ್ತರದ ಗೋಡೆಯ ಹಿಂದೆ ಹುಲ್ಲು ಬಿಲಿಯರ್ಡ್ಸ್ ಮೇಜಿನ ಹಾಗೆ ನುಣ್ಣಗಿತ್ತು. ಸುತ್ತ ಹಗ್ಗ, ಹಗ್ಗಕ್ಕೊಂದು ಹಲಗೆ, ಹಲಗೆಯ ಮೇಲೆ ಹುಲ್ಲನ್ನು ತುಳಿಯಬೇಡಿ ಎಂಬ ವಿನಂತಿ. ಅಲ್ಲಿ ಏನೂ ಇರಲಿಲ್ಲ. ಒಂದು ಉಬ್ಬಿಲ್ಲ, ತಗ್ಗಿಲ್ಲ. ಫೆಸ್ಟಸ್ ಹಗ್ಗ ಹಿಡಿದು ಈ ತುದಿಯಿಂದ ಆ ತುದಿಗೆ ನೋಡಿದ.

"ಆಗ ಇಲ್ಲಿ ಮುಳ್ಳಿನ ಪೊದೆ ಇತ್ತು. ಒಂದು ಮರ ಇತ್ತು. ಈಗ..."

"ಮರದ ಯಾವ ಕಡೆ?"

"ಮರ ಎಲ್ಲಿತ್ತು ಅಂತಾನೇ ತಿಳೀತಿಲ್ಲ ಕಣೇ."

"ಇಷ್ಟು ವರ್ಷ," ಅಂದಳು ಅಟ್ರಾಕ್ಟಾ. ಅವಳ ದನಿ ಏರಲಿಲ್ಲ, ಅದೇ ಕೆಟ್ಟದಾಗಿತ್ತು. "ಇಷ್ಟು ವರ್ಷ ಒಂದೇ ತಟ್ಟೆ ಒಂದೇ ಹಾಸಿಗೆ. ಹಂದಿ ಯಾವ ಸಂತೇಲಿ ಕೊಂಡೆ ಅನ್ನೋದು ಇವತ್ತಿಗೂ ಹೇಳ್ತೀಯ. ಇವಳನ್ನ ಎಲ್ಲಿಟ್ಟೆ ಅನ್ನೋದೊಂದು ಹೇಳೋಕಾಗಲಿಲ್ಲ. ನಾನು ಪಾತ್ರೆ ತೊಳೀತಾ ಈ ಗೋಡೆ ನೋಡ್ತಿದ್ದೆ. ಯಾವ ಕಲ್ಲನ್ನ ನೋಡಲಿ ಅಂತ ಗೊತ್ತಿಲ್ದೆ ಎಲ್ಲಾ ಕಲ್ಲೂ ನೋಡ್ತಿದ್ದೆ."

"ನೀನು ಅಳ್ತೀಯ ಅಂತ..."

"ಅಳದೆ ಇದ್ನಾ?"

ಅವನು ಗೋಡೆಯ ಕಡೆ ತಿರುಗಿದ. ಗೋಡೆಯಲ್ಲಿ ಸಾಲಾಗಿ ಇಕ್ಕಟ್ಟಾದ ಕಿಟಕಿಗಳು. ಅವುಗಳಾಚೆ ಸೂರಿಲ್ಲದ ಮಂದಿರ, ಅದರಾಚೆ ಎದುರುಗೋಡೆಯ ಕಿಟಕಿಗಳು, ಅವುಗಳಾಚೆ ಸರೋವರ. ಅವನು ನೋಡುತ್ತ ನಿಂತವನು ಇದ್ದಕ್ಕಿದ್ದಂತೆ ಹಗ್ಗ ಎತ್ತಿ ಅದರಡಿ ನುಗ್ಗಿದ.

"ದೀಪ," ಅಂದ. "ದೀಪ ಕಾಣ್ತಿತ್ತು."

ಹುಲ್ಲಿನ ಮೇಲೆ ಅವನು ಏಡಿಯ ಹಾಗೆ ಅಡ್ಡಡ್ಡ ನಡೆದ. ನಿಂತು ಕಿಟಕಿಯೊಳಗೆ ಇಣುಕಿದ, ತಲೆಯಾಡಿಸಿದ, ಮತ್ತೆ ಸರಿದ. ಆಮೇಲೆ ಏನೋ ಹೊಳೆದವನ ಹಾಗೆ, "ಆಗ ನಿಂತಿರಲಿಲ್ಲ ನಾನು," ಅಂದುಕೊಂಡು, ನೋವಿನ ಮಂಡಿಗಳನ್ನು ಒಂದೊಂದಾಗಿ ಊರಿ ಕೂತ. ಮಂಡಿಯ ಮೇಲೇ ಎಡಕ್ಕೆ ಸರಿದ. ಇನ್ನೊಂದು ಚೂರು. ಅಲ್ಲಿಗೆ ನಿಲ್ಲಿಸಿದ.

"ಬಾ," ಅಂದ.

ಅಟ್ರಾಕ್ಟಾ ಹೋಗಿ ಪಕ್ಕದಲ್ಲಿ ಮಂಡಿಯೂರಿದಳು. ಅವನು ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕನ್ನಡಿ ಸರಿಮಾಡುವವನ ಹಾಗೆ ಮೆಲ್ಲಗೆ ತಿರುಗಿಸಿದ. ಈಚೆ ಕಿಟಕಿಯೊಳಗೆ ಆಚೆ ಕಿಟಕಿ ಸರಿಯಾಗಿ ಕೂತಿತ್ತು. ಅದರೊಳಗೆ ಒಂದು ಚೂರು ನೀರು, ನೀರಿನ ಮೇಲೊಂದು ಗುಡ್ಡ, ಗುಡ್ಡದ ಮೇಲೆ ಬೆಂಕಿಪೆಟ್ಟಿಗೆಯಷ್ಟು ಬಿಳಿ ಮನೆ. ಮಾಳಿಗೆಯ ಒಂದು ಕಿಟಕಿ. ಅದು ಅವರದೇ ಮನೆ, ಅವಳಿಗೆ ಹೆರಿಗೆಯಾದ ಕೋಣೆ.

"ಅಗೀತಾ ಅಗೀತಾ ತಲೆ ಎತ್ತಿದಾಗ ಕಾಣ್ತು," ಅಂದ ಫೆಸ್ಟಸ್. "ಅಣ್ಣ ಬೇಗ ಬೇಗ ಅಂತಿದ್ದ. ನೀನು ದೀಪ ಆರಿಸಿ ಮಲಗಿದ ಮೇಲೆ ಮಣ್ಣು ಮುಚ್ತೀನಿ ಅಂತ ನಾನು ಕಾದೆ. ನೀನು ಎಚ್ಚರ ಇರೋವಾಗ ಮುಚ್ಚೋಕೆ ಕೈ ಬರಲಿಲ್ಲ."

"ಆರಿಸ್ಲಿಲ್ಲ ನಾನು."

"ಹೂಂ. ಗೊತ್ತು."

"ಎಣ್ಣೆ ಮುಗೀತು."

"ಹೂಂ," ಅಂದ ಅವನು. "ಅಲ್ಲೀತನಕ ಇದ್ದೆ."

ಅವಳು ಅಂಗೈಯನ್ನು ಹುಲ್ಲಿನ ಮೇಲಿಟ್ಟಳು. ಹುಲ್ಲು ತಣ್ಣಗಿತ್ತು, ಕೆಳಗಿನ ಮಣ್ಣು ಇನ್ನೂ ತಣ್ಣಗಿತ್ತು. ಗೋಡೆಯ ಮೂಲೆ ಬಳಸಿ ಗ್ರಾನ್ಯ ಓಡುನಡಿಗೆಯಲ್ಲಿ ಬಂದಳು. "ಕ್ಷಮಿಸಿ, ಹುಲ್ಲಿನ ಮೇಲೆ ಯಾರೂ..." ಎಂದು ಶುರುಮಾಡಿದ್ದವಳ ತೋಳನ್ನು ಹಿಂದಿನಿಂದ ಬಂದ ಬ್ರೀಜ್ ಹಿಡಿದುಕೊಂಡು, ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳಿದಳು. ಬಹಳ ಹೊತ್ತೇನೂ ಹೇಳಲಿಲ್ಲ. ಗ್ರಾನ್ಯಳ ಕೈ ಹಗ್ಗದ ಮೇಲೇ ಉಳಿಯಿತು. ಅವಳು ನುಣ್ಣಗಿದ್ದ ಹುಲ್ಲನ್ನು ಆ ತುದಿಯ ತನಕ ನೋಡಿದಳು, ತನ್ನ ಬೂಟನ್ನು ನೋಡಿಕೊಂಡಳು, ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದಳು.

ಆಚೆ ಬಸ್ಸಿನವನು ಹಾರ್ನ್ ಹಾಕಿದ. ಯಾರೂ ಅಲ್ಲಾಡಲಿಲ್ಲ.

ಮೋಡ ಸರಿದು, ಎರಡೂ ಕಿಟಕಿಗಳನ್ನು ಹಾದು ಬಿಸಿಲು ಈಚೆ ಬಂತು. ಹುಲ್ಲಿನ ಮೇಲೆ ಒಂದು ಸಣ್ಣ ಉದ್ದನೆಯ ತುಂಡಾಗಿ ಬಿತ್ತು. ಅದರ ಮೇಲೆ ತನ್ನ ನೆರಳು ಬಿದ್ದಿರುವುದು ಅಟ್ರಾಕ್ಟಾಗೆ ಕಾಣಿಸಿತು. ಅವಳು ಗಂಡನ ಹೆಗಲ ಮೇಲೆ ಕೈ ಊರಿಕೊಂಡು ಒಂದು ಚೂರು ಪಕ್ಕಕ್ಕೆ ಸರಿದು ಕೂತಳು.