ನಾಲ್ಕರಲ್ಲೂ ಇಲ್ಲದ ಉತ್ತರ

"ಏಳು ದಿನ, ಹದಿನೈದು, ಮೂವತ್ತು, ಅರವತ್ತು. ಇದರಲ್ಲಿ ಯಾವುದು?" ಎಂದು ಯಜಮಾನರು ಪುಸ್ತಕದ ಮೇಲೆ ಬೆರಳಿಟ್ಟುಕೊಂಡೇ ಕೇಳಿದರು.

ಒಣಗಿದ ಬಟ್ಟೆ ಮಡಿಸುತ್ತಿದ್ದ ಅವರ ಹೆಂಡತಿ ಮನೆಯಕ್ಕ ಒಂದು ಗಳಿಗೆ ಯೋಚನೆ ಮಾಡಿದಳು. "ಮುಂಗಡ ತಗೊಂಡ ಮೇಲೆ ಕಾಗದಪತ್ರ ಎಷ್ಟು ದಿನದೊಳಗೆ ಕೊಡ್ಬೇಕು ಅಂತ ತಾನೇ? ಏಳು ಅಂದ್ರೆ ಮಾರೋನು ಒಪ್ಪಲ್ಲ. ಅರವತ್ತು ಅಂದ್ರೆ ಕೊಳ್ಳೋನು ಕಾಯಲ್ಲ. ಇಬ್ಬರಿಗೂ ಬೇಜಾರಾಗ್ದೇ ಇರೋ ಹಾಗೆ ಒಂದು ಇಪ್ಪತ್ತಕ್ಕೆ ಮುಗಿಸೋಣ."

"ಇಪ್ಪತ್ತು ಇಲ್ಲಿ ಇಲ್ವೇ ಇಲ್ಲ ಕಣೇ!"

"ಹಾಗಾದ್ರೆ ಹದಿನೈದು ಅಂತ ಹಾಕಿ. ಆಮೇಲೆ ಮಾತಾಡಿ ಸರಿ ಮಾಡ್ಕೊಳ್ಳೋಣ."

"ಆಮೇಲೆ ಯಾರ ಹತ್ರ ಮಾತಾಡ್ತೀಯ? ಕಂಪ್ಯೂಟರ್ ಹತ್ರಾನಾ? ಏಳು. ಸರಿ ಉತ್ತರ ಏಳು. ಪರೀಕ್ಷೇಲಿ ಚೌಕಾಸಿ ಇಲ್ಲ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ?"

ಅವಳಿಗೆ ಅದು ಗೊತ್ತಿಲ್ಲ ಅಂತಲ್ಲ. ಆದರೆ ಇಪ್ಪತ್ತಾರು ವರ್ಷದ ಜಾಯಮಾನ ಒಂದು ತಿಂಗಳಲ್ಲಿ ಎಲ್ಲಿಗೆ ಹೋಗಬೇಕು? ಮನೆ ಬೇಕಾದವರಿಗೆ ಮನೆ, ಮನೆ ಇದ್ದವರಿಗೆ ಗಿರಾಕಿ ಹುಡುಕಿಕೊಟ್ಟೇ ಅವಳ ತಲೆಗೂದಲು ಬೆಳ್ಳಗಾದದ್ದು. ಊರವರೆಲ್ಲ ಅವಳನ್ನು ಮನೆಯಕ್ಕ ಎಂದೇ ಕರೆದೂ ಕರೆದೂ, ನಿಜವಾದ ಹೆಸರನ್ನು ಕೇಳಿದರೆ ಅವಳೇ ಒಮ್ಮೆ ತಡವರಿಸುವಳು. ಒಬ್ಬ ಮೇಲಿಂದ ಇಳಿಯಬೇಕು, ಇನ್ನೊಬ್ಬ ಕೆಳಗಿಂದ ಏರಬೇಕು, ನಡುವೆ ಎಲ್ಲೋ ಇಬ್ಬರೂ ನಿಂತ ಜಾಗದಲ್ಲಿ ವ್ಯವಹಾರ ಕುದುರಬೇಕು. ಅವಳಿಗೆ ಗೊತ್ತಿದ್ದ ಲೋಕವೇ ಅದು.

ಅಂಥವಳಿಗೆ ಹೊಸ ಕಾನೂನು ಬಂದು ಕೂತಿತ್ತು. ಮನೆ ಮಾರಾಟಕ್ಕೆ ನಡುವೆ ನಿಲ್ಲುವವರೆಲ್ಲ ನಲವತ್ತು ಗಂಟೆ ಪಾಠ ಕೇಳಬೇಕು, ಪರೀಕ್ಷೆಯಲ್ಲಿ ನೂರಕ್ಕೆ ಅರವತ್ತು ತೆಗೆಯಬೇಕು, ಏಜೆಂಟರ ಸಂಘದ ಸದಸ್ಯರಾಗಬೇಕು. ಹಾಗಾದರೆ ಮಾತ್ರ ಲೈಸೆನ್ಸು. ಹಳಬರಿಗೆ ಮೂರು ಅವಕಾಶ, ಈ ತಿಂಗಳ ಕೊನೆಗೆ ಗಡುವು. ಆಮೇಲೆ ಮನೆ ತೋರಿಸಲು ಬೀಗ ತೆಗೆದರೂ ತಪ್ಪೇ.

ಮೊದಲನೇ ಸಲ ಅವಳಿಗೆ ಬಂದದ್ದು ನಲವತ್ತೊಂದು. ಎಲ್ಲಿ ಸಂಖ್ಯೆ ಕೇಳಿದ್ದರೋ ಅಲ್ಲೆಲ್ಲ ಹೆಚ್ಚಿನದ್ದನ್ನೂ ಕಮ್ಮಿಯದ್ದನ್ನೂ ಬಿಟ್ಟು ನಡುವಿನದ್ದಕ್ಕೆ ಗುರುತು ಹಾಕಿ ಬಂದಿದ್ದಳು. "ನಡುವೆ ಹಾಕಿದ್ರೆ ಯಾರಿಗೂ ನಷ್ಟ ಇಲ್ಲ ಅಂದ್ಕೊಂಡೆ ರೀ," ಎಂದಾಗ ಯಜಮಾನರು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟಿದ್ದರು.

ಯಜಮಾನರದು ಬೇರೆಯೇ ಜಾತಕ. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದ ಮನುಷ್ಯ. ಗೋಡೆಯುದ್ದ ಮರದ ಗೂಡುಗಳು, ಪ್ರತಿ ಕಾಗದಕ್ಕೂ ಒಂದು ಗೂಡು. ಕೈಗೆ ಬಂದ ಕಾಗದವನ್ನು ಅದರ ಗೂಡಿಗೆ ಹಾಕದೆ ಇನ್ನೊಂದನ್ನು ಮುಟ್ಟಿದವರಲ್ಲ. ಈಗಲೂ ಅಡುಗೆಮನೆಯಲ್ಲಿ ಚಮಚ ಲೋಟಗಳ ಪಕ್ಕಕ್ಕೆ ಬಂದರೆ ಅವರಿಗೆ ನಿದ್ದೆ ಹತ್ತುವುದಿಲ್ಲ. ಹೆಂಡತಿಗೆ ಪಾಠ ಹೇಳಿಕೊಡಬೇಕೆಂದರೆ ತಾನೂ ಪಾಠ ಕೇಳಬೇಕಲ್ಲ ಎಂದು ತರಗತಿಗೆ ಹೋದರೆ, ಹೆಸರು ಬರೆಸಿದವರಿಗೆ ಮಾತ್ರ ಜಾಗ ಎಂದರಂತೆ. ಇವರು ಹಿಂದೆ ಮುಂದೆ ನೋಡದೆ ಹೆಸರು ಬರೆಸಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತರು. ನಲವತ್ತು ಗಂಟೆಯಲ್ಲಿ ಒಂದು ಗಂಟೆಯನ್ನೂ ತಪ್ಪಿಸಲಿಲ್ಲ. ಪುಸ್ತಕದ ಯಾವ ಪುಟದಲ್ಲಿ ಏನಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು.

ತರಗತಿಯಲ್ಲಿ ಪಾಠ ಹೇಳುತ್ತಿದ್ದ ಮೇಡಂಗೆ ಮೂವತ್ತು ದಾಟಿರಲಿಲ್ಲ. ಒಂದು ದಿನ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಪ್ರಶ್ನೆಯೊಂದನ್ನು ಮೂಡಿಸಿದಳು. ಮನೆಯ ಗೋಡೆಯಲ್ಲಿ ನೀರು ಜಿನುಗುತ್ತದೆ, ಅದನ್ನು ಹೇಳಬೇಡ ಎಂದು ಮಾರುವವನು ಏಜೆಂಟನಿಗೆ ಹೇಳಿದ್ದಾನೆ. ಕೊಳ್ಳುವವರು ಮನೆ ನೋಡಲು ಬರುತ್ತಿದ್ದಾರೆ. ಏಜೆಂಟ್ ಏನು ಮಾಡಬೇಕು? ಎ, ಸುಮ್ಮನಿರಬೇಕು. ಬಿ, ಗೋಡೆ ಚೆನ್ನಾಗಿದೆ ಎನ್ನಬೇಕು. ಸಿ, ಆ ಮನೆಯ ಸಹವಾಸವೇ ಬೇಡವೆಂದು ಬಿಡಬೇಕು. ಡಿ, ಮಾರುವವನಿಗೆ ತಿಳಿಸಿ, ಕೊಳ್ಳುವವರಿಗೆ ಬರಹದಲ್ಲಿ ಕೊಡಬೇಕು.

"ಅಕ್ಕಾ, ನೀವು ಹೇಳಿ," ಎಂದಳು ಮೇಡಂ.

"ಮಳೆ ಬಂದ ಮಾರನೇ ದಿನ ಕರ್ಕೊಂಡು ಹೋಗ್ತೀನಿ."

ಇಡೀ ತರಗತಿ ಗೊಳ್ಳೆಂದಿತು. ಮೇಡಂ ನಗು ತಡೆದುಕೊಂಡು, "ಅದು ನಾಲ್ಕರಲ್ಲೂ ಇಲ್ವಲ್ಲಕ್ಕಾ," ಎಂದಳು.

"ಇಲ್ದಿದ್ರೆ ಸೇರ್ಸಿ ಮೇಡಂ. ನಾನು ಇಷ್ಟು ವರ್ಷ ಮಾಡಿರೋದೇ ಅದು. ಮಾರೋನಿಗೆ ಕೊಟ್ಟ ಮಾತೂ ಉಳೀಬೇಕು, ಕೊಳ್ಳೋನಿಗೂ ಮೋಸ ಆಗ್ಬಾರ್ದು. ಮೇಲಿನ ನಲ್ಲೀಲಿ ನೀರು ಬರ್ದೇ ಇರೋ ಮನೆಗೆ ಬೆಳಗ್ಗೆ ಏಳಕ್ಕೆ ಕರ್ಕೊಂಡು ಹೋಗ್ತೀನಿ. ಪಕ್ಕದಲ್ಲಿ ಮರ ಕೊಯ್ಯೋ ಮಿಷನ್ ಇದ್ರೆ ಹನ್ನೊಂದಕ್ಕೆ. ನಾನು ತುಟಿ ಬಿಚ್ಚಲ್ಲ. ಮನೆನೇ ಮಾತಾಡುತ್ತೆ."

ಪಕ್ಕದಲ್ಲಿದ್ದ ಯಜಮಾನರು ಅವಳ ಸೆರಗು ಜಗ್ಗಿದರು. ಅವಳು ಕೂರಲಿಲ್ಲ. ಮೇಡಂ ಕೊನೆಗೆ, "ನಿಮ್ಮ ಕೈಲಿ ಮನೆ ಕೊಂಡವರು ಪುಣ್ಯವಂತರು ಅಕ್ಕಾ, ಆದ್ರೆ ಪರೀಕ್ಷೇಲಿ ಡಿ ಹಾಕಿ," ಎಂದು ಮುಂದಿನ ಪ್ರಶ್ನೆಗೆ ಹೋದಳು.

ಎರಡನೇ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂತು, ಇಂಥವೇ ಇನ್ನೆರಡೂ ಬಂದವು. ಅವಳು ಪಟ್ಟು ಹಿಡಿದು ಮೂರನ್ನೂ ಖಾಲಿ ಬಿಟ್ಟಳು. ಐವತ್ತೆಂಟು ಬಂತು.

ಆ ಸಂಜೆ ಅವಳು ಊಟಕ್ಕೆ ಏಳಲಿಲ್ಲ. ಯಜಮಾನರು ತಟ್ಟೆ ತಂದು ಮುಂದಿಟ್ಟು, "ಇನ್ನೊಂದು ಅವಕಾಶ ಇದೆಯಲ್ಲೇ," ಎಂದರು.

"ನಂಗೆ ಭಯ ಆಗ್ತಿದೆ ರೀ," ಎಂದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಅವರು ಕೇಳಿದ್ದು ಅದೇ ಮೊದಲು. "ಇದು ಬಿಟ್ರೆ ನಂಗೆ ಬೇರೇನೂ ಬರಲ್ಲ. ಖಾಲಿ ಮನೆ ಬೀಗ ತೆಗೆದು ಕಿಟಕಿ ಎಲ್ಲ ತೆರೆದು, ಬಂದವರು ಒಳಗೆ ಕಾಲಿಡೋದನ್ನ ನೋಡ್ತಾ ನಿಲ್ತೀನಲ್ಲ... ಒಬ್ಬೊಬ್ಬರು ಅಡುಗೆಮನೇಲಿ ನಿಂತು ಸುಮ್ನೆ ಸುತ್ತ ನೋಡ್ತಾರೆ. ಆಗಲೇ ಗೊತ್ತಾಗಿಬಿಡುತ್ತೆ ಇದು ಇವರದೇ ಮನೆ ಅಂತ. ಅದನ್ನ ಇನ್ಮೇಲೆ ನೋಡಕ್ಕಾಗಲ್ಲ ಅಂದ್ರೆ ನಾನು ಏನು ಮಾಡ್ಲಿ?"

ಯಜಮಾನರು ತಟ್ಟೆಯನ್ನು ಇನ್ನಷ್ಟು ಹತ್ತಿರ ಸರಿಸಿ, ಅವಳು ತಿನ್ನುವವರೆಗೂ ಅಲ್ಲೇ ಕೂತರು.

ಮೂರನೇ ಪರೀಕ್ಷೆಯ ಬೆಳಗ್ಗೆ ಇಬ್ಬರೂ ಸಂಘದ ಕಟ್ಟಡ ತಲುಪಿದಾಗ ಇನ್ನೂ ಬಾಗಿಲು ತೆರೆದಿರಲಿಲ್ಲ. ಹಿಂದಿನ ಎರಡು ಸಲ ಯಜಮಾನರು ಹೊರಗಿನ ಕಲ್ಲುಬೆಂಚಿನ ಮೇಲೆ ಕಾದಿದ್ದರು. ಈ ಸಲ ಬಾಗಿಲು ತೆರೆದಾಗ ಅವಳ ಹಿಂದೆಯೇ ಒಳಗೆ ಬಂದು, ಜೇಬಿನಿಂದ ಪ್ರವೇಶಪತ್ರ ತೆಗೆದು ಗುಮಾಸ್ತನ ಮುಂದಿಟ್ಟರು.

"ನೀವ್ಯಾಕ್ರೀ?" ಎಂದಳು ಅವಳು ಕಣ್ಣರಳಿಸಿ.

"ನಲವತ್ತು ಗಂಟೆ ಕೂತಿದ್ದೀನಿ, ನಂಗೂ ಬರೆಯೋ ಹಕ್ಕಿದೆಯಂತೆ. ಒಳಗೆ ನೀನು ಒಬ್ಳೇ ಇದ್ರೆ ಪ್ರಶ್ನೆ ಜೊತೆ ಜಗಳಕ್ಕೆ ನಿಲ್ತೀಯ. ನನ್ನ ತಲೆ ಕಾಣ್ತಿದ್ರೆ ಸ್ವಲ್ಪ ಸುಮ್ನಿರ್ತೀಯೇನೋ ಅಂತ."

ಅವಳಿಗೆ ನಗು ಬಂತು. ಗುಮಾಸ್ತ, "ಒಳಗೆ ಮಾತಾಡೋ ಹಾಗಿಲ್ಲ, ಯಜಮಾನ್ರೇ," ಎಂದು ಇಬ್ಬರನ್ನೂ ದೂರ ದೂರ ಕೂರಿಸಿದ. ಮೂರು ಸಾಲು ಮುಂದೆ ಯಜಮಾನರ ಬೋಳುತಲೆ ಟ್ಯೂಬ್‌ಲೈಟಿನ ಕೆಳಗೆ ಮಿರಮಿರ ಮಿಂಚುತ್ತಿತ್ತು. ಅದನ್ನು ನೋಡಿದ್ದೇ ಅವಳ ಎದೆಯ ಡವಡವ ಸ್ವಲ್ಪ ತಗ್ಗಿತು.

ಏಳು ದಿನದ ಪ್ರಶ್ನೆ ಬಂತು, ಚೌಕಾಸಿಯಿಲ್ಲದೆ ಏಳಕ್ಕೆ ಒತ್ತಿದಳು. ಒಂದರ ಹಿಂದೆ ಒಂದು ಸಲೀಸಾಗಿ ಹೋದವು. ಐವತ್ತಾರನೆಯದಕ್ಕೆ ಬಂದಾಗ ಪರದೆಯ ಮೇಲೆ ಅದೇ ಹಸಿ ಗೋಡೆ.

ಅವಳ ಕೈ ನಿಂತಿತು. ಎ, ಬಿ, ಸಿ, ಡಿ. ಮಳೆ ಯಾವುದರಲ್ಲೂ ಇರಲಿಲ್ಲ. ಮತ್ತೆ ಖಾಲಿ ಬಿಟ್ಟುಬಿಡಲೇ ಅನ್ನಿಸಿತು. ಆಗ ಯಾಕೋ ಆ ಬರಗಾಲದ ವರ್ಷ ನೆನಪಾಯಿತು. ಕೈಗೂಸಿನ ಜೊತೆ ಮನೆ ಹುಡುಕುತ್ತಿದ್ದ ಒಂದು ಎಳೆಯ ಜೋಡಿ. ಅವರಿಗೊಪ್ಪುವ ಮನೆ ಅವಳ ಕೈಯಲ್ಲಿತ್ತು, ಹಿಂಬದಿ ಗೋಡೆಯದೊಂದೇ ತಕರಾರು. ಮಳೆ ಬರಲಿ, ತೋರಿಸೋಣ ಎಂದು ಇವಳು ದಿನ ತಳ್ಳಿದಳು. ಒಂದು ವಾರ, ಎರಡು ವಾರ, ಮೂರು. ಮೋಡ ಕೂಡ ಸುಳಿಯಲಿಲ್ಲ. ಆ ಜೋಡಿ ಕಾದೂ ಕಾದೂ ಬೇರೆ ಯಾರದೋ ಮಾತು ಕೇಳಿ, ಇದಕ್ಕಿಂತ ಹತ್ತು ಪಾಲು ಕೆಟ್ಟ ಮನೆಯೊಂದನ್ನು ಕೊಂಡಿತು. ದಾರಿಯಲ್ಲಿ ಸಿಕ್ಕಾಗ ಆ ಹುಡುಗಿ, "ನೀವೊಂದು ಮಾತು ಹೇಳಿದ್ರೆ ರಿಪೇರಿ ಮಾಡ್ಸ್ಕೊಂಡು ಅದಕ್ಕೇ ಹೋಗ್ತಿದ್ವಲ್ಲಕ್ಕಾ," ಎಂದಿದ್ದಳು. ಮನೆಯಕ್ಕ ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ, ಯಜಮಾನರ ಹತ್ತಿರವೂ.

ಡಿ ಉತ್ತರವನ್ನು ಇನ್ನೊಮ್ಮೆ ಓದಿದಳು. ಮಾರುವವನಿಗೆ ತಿಳಿಸಿ. ಇಷ್ಟು ದಿನ ಆ ಅರ್ಧ ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಕದ್ದು ಮುಚ್ಚಿ ಹೇಳುವುದಲ್ಲ. ಅವನೆದುರಿಗೇ 'ಸ್ವಾಮಿ, ನಾನು ಇದನ್ನ ಹೇಳೇ ಹೇಳ್ತೀನಿ' ಎಂದು ಹೇಳಿ ಹೇಳುವುದು. ಬಾಯಿ ಇದ್ದೂ ಮಳೆಗೆ ಕಾದೆನಲ್ಲ ಎಂದುಕೊಂಡಳು. ಅವಳಿಗೆ ನಾಚಿಕೆಯೂ ಆಯಿತು, ಹೆಗಲ ಮೇಲಿನ ದೊಡ್ಡ ಗಂಟೊಂದನ್ನು ಇಳಿಸಿದ ಹಾಗೂ ಆಯಿತು. ಡಿ ಒತ್ತಿದಳು.

ಕೊನೆಯ ಪ್ರಶ್ನೆ ಮುಗಿಸಿದ ಕೂಡಲೇ ಪರದೆಯ ಮೇಲೆ ಅಂಕ ಮೂಡಿತು. ಎಪ್ಪತ್ತನಾಲ್ಕು. ತೇರ್ಗಡೆ. ಕನ್ನಡಕ ಒರೆಸಿಕೊಂಡು ನೋಡಿದರೂ ಎಪ್ಪತ್ತನಾಲ್ಕೇ. ಕಿರುಚಬೇಕು ಅನ್ನಿಸಿತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದಳು.

ಒಬ್ಬೊಬ್ಬರೇ ಹೊರಗೆ ಬಂದರು. ಯಜಮಾನರ ಸುಳಿವೇ ಇಲ್ಲ. ಗಂಟೆ ಬಾರಿಸಿದ ಮೇಲೆ ಎಲ್ಲರಿಗಿಂತ ಕೊನೆಗೆ, ಕೈಯಲ್ಲೊಂದು ಚೀಟಿ ಹಿಡಿದುಕೊಂಡು ನಿಧಾನಕ್ಕೆ ಬಂದರು.

"ಪಾಸ್ ರೀ! ಎಪ್ಪತ್ನಾಲ್ಕು!"

ಅವರ ಮುಖ ಊರಗಲವಾಯಿತು. ಎರಡೂ ಕೈಯಿಂದ ಅವಳ ಕೈ ಹಿಡಿದು ಕುಲುಕಿದರು, ಬಿಡಲೇ ಇಲ್ಲ. "ನಂಗೊತ್ತಿತ್ತು. ನಂಗೊತ್ತಿತ್ತು ಕಣೇ."

"ನಿಮ್ಮದು ತೊಂಬತ್ತರ ಮೇಲೇನೇ ಇರ್ಬೇಕು. ತೋರ್ಸಿ." ಚೀಟಿ ಕಿತ್ತುಕೊಂಡು ನೋಡಿದಳು. ಐವತ್ತೈದು. "ಇದೇನ್ರೀ ಇದು? ಪುಸ್ತಕನೇ ಬಾಯಿಪಾಠ ಇತ್ತಲ್ಲ ನಿಮಗೆ!"

ಯಜಮಾನರು ಕೆಮ್ಮಿದರು. "ಆ ಹಸಿ ಗೋಡೆ ಬಂತು."

"ಬಂತಲ್ಲ. ಡಿ."

"ಡಿ ಅಂತ ಗೊತ್ತು. ಎಪ್ಪತ್ತೆರಡನೇ ಪುಟ. ಆದ್ರೆ ಒತ್ತೋಕೆ ಹೋದಾಗ ಅನ್ನಿಸ್ತು, ಮಳೆ ಬಂದ ಮಾರನೇ ದಿನ ಕರ್ಕೊಂಡು ಹೋಗೋದೇ ಸರಿ ಅಲ್ವಾ ಅಂತ. ಯೋಚನೆ ಮಾಡಿದಷ್ಟೂ ನೀನು ಹೇಳಿದ್ದೇ ಸರಿ ಅನ್ನಿಸ್ತು. ಅದನ್ನ ಹಾಕೋಕೆ ಅಲ್ಲಿ ಗೂಡೇ ಇಲ್ಲ. ಕೈಗೆ ಬಂದಿದ್ದನ್ನ ಹಾಗೇ ಬಿಟ್ಟು ಮುಂದಕ್ಕೆ ಹೋಗಿ ಅಭ್ಯಾಸ ಇಲ್ಲ ನಂಗೆ. ಅದರಲ್ಲೇ ಟೈಮು ಮುಗಿದುಹೋಯ್ತು."

"ಅಯ್ಯೋ, ನಾನು ಡಿ ಹಾಕ್ಬಿಟ್ಟೆ ರೀ!"

"ಡಿ ಹಾಕಿದ್ಯಾ? ನೀನು?" ಯಜಮಾನರು ಬಾಯಿ ತೆರೆದು ನಿಂತರು. "ಅಷ್ಟು ಜನರ ಮುಂದೆ ವಾದ ಮಾಡಿ ನನ್ನ ಒಪ್ಪಿಸಿ, ನೀನು ಹೋಗಿ ಡಿ ಹಾಕಿದ್ಯಾ?"

ಅಷ್ಟೇ. ಅವಳಿಗೆ ಎಲ್ಲಿತ್ತೋ ನಗು, ಕಟ್ಟೆ ಒಡೆದು ಬಂತು. ಪಕ್ಕೆ ಹಿಡಿದುಕೊಂಡು ನಕ್ಕಳು. ಮೊದಲು ಮುನಿಸಿಕೊಂಡಂತೆ ನಿಂತಿದ್ದ ಯಜಮಾನರೂ ಕೊನೆಗೆ ಹೆಗಲು ಕುಣಿಸುತ್ತಾ ನಗತೊಡಗಿದರು. ಹಾದುಹೋಗುವವರು ತಿರುಗಿ ನೋಡಿದರು.

ಲೈಸೆನ್ಸಿನ ಕಾರ್ಡು ಮಾಡುವುದು ಅದೇ ಕಟ್ಟಡದಲ್ಲಿ. ಗುಮಾಸ್ತ ಅವಳನ್ನು ಬಿಳಿ ಗೋಡೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿ ಕ್ಯಾಮೆರಾ ಸರಿಮಾಡಿದ. "ಅಮ್ಮಾ, ನಗಬಾರದು. ಮುಖ ಗಂಭೀರವಾಗಿರ್ಬೇಕು, ರೂಲ್ಸು." ಅವಳು ತುಟಿ ಬಿಗಿದಳು. ಬಾಗಿಲಲ್ಲಿ ನಿಂತಿದ್ದ ಯಜಮಾನರು ಕಣ್ಣಿಗೆ ಬಿದ್ದರು, ಮತ್ತೆ ಶುರುವಾಯಿತು. ಎರಡು ಸಲ ಹೀಗಾದ ಮೇಲೆ ಗುಮಾಸ್ತ, "ಯಜಮಾನ್ರೇ, ದಯವಿಟ್ಟು ಹೊರಗೆ ನಿಲ್ಲಿ," ಎಂದು ಬಾಗಿಲು ಅರ್ಧ ಮುಚ್ಚಿದ.

ಅವಳು ಉಸಿರೆಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಮುಖ ಗಂಭೀರ ಮಾಡಿಕೊಂಡಳು. ಬಾಗಿಲಿನಾಚೆ ಯಜಮಾನರು ಯಾರಿಗೋ, ಬಹುಶಃ ಕಸ ಗುಡಿಸುವವನಿಗೆ, ಹೇಳುತ್ತಿದ್ದುದು ಕೇಳಿಸಿತು: "ನನ್ನ ಹೆಂಡ್ತಿ. ಎಪ್ಪತ್ನಾಲ್ಕು. ನಾನು ಫೇಲು."

ಅದೇ ಹೊತ್ತಿಗೆ ಕ್ಯಾಮೆರಾ ಮಿಂಚಿತು.

ಗುಮಾಸ್ತ ಪರದೆ ನೋಡಿದ, ಅವಳನ್ನು ನೋಡಿದ, ಹೊರಗಿನ ಸಾಲು ನೋಡಿದ. "ಇರ್ಲಿ ಬಿಡಿ," ಎಂದು ಗುಂಡಿ ಒತ್ತಿದ. ಕಾರ್ಡು ಇನ್ನೂ ಬೆಚ್ಚಗಿರುವಾಗಲೇ ಅವಳ ಕೈಗೆ ಬಂತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೂವತ್ತೆರಡು ಹಲ್ಲೂ ಕಾಣುವಂತೆ, ಕಣ್ಣು ಮುಚ್ಚಿಕೊಂಡು ನಗುತ್ತಿರುವ ಒಬ್ಬ ಹೆಂಗಸು. ಅದರ ಕೆಳಗೆ, ದಪ್ಪ ಅಕ್ಷರದಲ್ಲಿ, ಅವಳ ಪೂರ್ತಿ ಹೆಸರು.