ಬಿಳಿ ದಾರದ ಹೊಲಿಗೆ

ಮೊಬೈಲನ್ನು ಕೌದಿಗೆ ತಾಗುವಷ್ಟು ಹತ್ತಿರ ಹಿಡಿದು ಮಾಧವಿ ಉಸಿರು ಬಿಗಿಹಿಡಿದಳು. ಚಿತ್ರ ಮೊದಲು ಮಸುಕಾಗಿ, ಆಮೇಲೆ ತಟ್ಟನೆ ಸ್ಪಷ್ಟವಾಯಿತು.

ಹೊರಗೆ ಹಾಲ್‌ನಲ್ಲಿ ತೀರಿಕೊಂಡ ಅವಳ ತಾಯಿ ಮುನಿಯಕ್ಕನ ದೇಹವನ್ನು ತಣ್ಣಗಿಡುವ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಚಾಮರಾಜಪೇಟೆಯ ಆ ಸಣ್ಣ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಧವಿ ಒಳಕೋಣೆಗೆ ಬಂದದ್ದು ನಿಜವಾಗಿಯೂ ನೆನಪಿಗೊಂದು ಫೋಟೋ ಬೇಕೆಂದು. ಅಪ್ಪನ ಪಂಚೆ, ಅವಳ ಲಂಗ, ತಮ್ಮ ಮಂಜುನಾಥನ ಸ್ಕೂಲ್ ಚಡ್ಡಿ ಎಲ್ಲವನ್ನೂ ಕತ್ತರಿಸಿ ಅಮ್ಮ ಕೈಯಾರೆ ಹೊಲಿದ ಕೌದಿ ಅದು. ಸತ್ತವರ ಹಾಸಿಗೆ ಮನೆಯಲ್ಲಿ ಉಳಿಯುವಂತಿಲ್ಲ. ಮಧ್ಯಾಹ್ನ ಹೆಣದ ಜೊತೆಗೇ ಹೊರಟುಬಿಡುತ್ತದೆ.

ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದಾಗ ನೆನಪೆಲ್ಲ ಹಿಂದೆ ಸರಿಯಿತು. ಎಲ್ಲ ಕಡೆ ಅಮ್ಮನ ಕಪ್ಪು ದಾರ, ಎಳ್ಳಿನಷ್ಟು ಸಣ್ಣ ಹೊಲಿಗೆ. ನಡುವೆ, ಅಪ್ಪನ ಬಿಳಿ ಪಂಚೆಯ ತುಂಡಿನ ಸುತ್ತ ಮಾತ್ರ ಹೊಸ ಬಿಳಿ ದಾರ, ಅವಸರದ ಉದ್ದುದ್ದ ಹೊಲಿಗೆ. ಬಿಳಿಯ ಮೇಲೆ ಬಿಳಿ, ಬರಿಗಣ್ಣಿಗೆ ಗೊತ್ತೇ ಆಗುವಂತಿರಲಿಲ್ಲ. ಯಾರೋ ಕೌದಿ ಬಿಚ್ಚಿ ಮತ್ತೆ ಮುಚ್ಚಿದ್ದರು.

"ನನ್ನ ಆಸ್ತಿಯೆಲ್ಲಾ ಇದ್ರೊಳಗಿದೆ" ಎಂದು ಅಮ್ಮ ಕೌದಿ ತಟ್ಟಿ ನಗುತ್ತಿದ್ದಳು. ಆಸ್ತಿ ಎಂದರೆ ಅವರ ನೆಂಟರಿಗೆ ಚಿನ್ನ ಬಿಟ್ಟು ಬೇರೇನೂ ಹೊಳೆಯುವುದಿಲ್ಲ. ಮಾಧವಿಯೂ ಅದೇ ನೆಂಟರ ಪೈಕಿ. ಅಮ್ಮನ ಕೋಣೆಯಲ್ಲೇ ಮಲಗುತ್ತಿದ್ದವಳು ಮಂಜುನಾಥನ ಹೆಂಡತಿ ವಾಣಿ ಒಬ್ಬಳೇ. ಮಾಧವಿ ಹಿಂದುಮುಂದು ನೋಡದೆ ಫೋಟೋವನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಕೆಳಗೆ ಬರೆದಳು: "ಇದು ಯಾರ ಹೊಲಿಗೆ?"

*

ಕಳೆದ ವರ್ಷದುದ್ದಕ್ಕೂ ಮಾಧವಿ ಭಾನುವಾರ ಬಂತೆಂದರೆ ಮಲ್ಲೇಶ್ವರದಿಂದ ಬಂದು ಹೋಗುತ್ತಿದ್ದಳು. ಅಮ್ಮ ತಲೆ ಬಾಚಿಸಿಕೊಂಡು, ಮುಖಕ್ಕೆ ಪೌಡರ್ ಹಾಕಿ, ಇಸ್ತ್ರಿಯ ಸೀರೆಯುಟ್ಟು ಕುರ್ಚಿಯಲ್ಲಿ ಕಾದಿರುತ್ತಿದ್ದಳು. ಕೊನೆಯವರೆಗೂ ಅವಳದು ಅದೇ ಗತ್ತು. ಓಡಾಡಲು ಆಗುವವರೆಗೆ ತನ್ನ ಬಟ್ಟೆಯನ್ನು ಇನ್ನೊಬ್ಬರ ಕೈಗೆ ಒಗೆಯಲು ಕೊಟ್ಟವಳಲ್ಲ.

"ಇವತ್ತು ಇಲ್ಲೇ ಮಲಗ್ತೀನಮ್ಮ."

"ಬೇಡ. ನಿನ್ ಮನೇಲಿ ಕೆಲ್ಸ ಇಲ್ವಾ? ಕತ್ಲಾಗೋಕ್ ಮುಂಚೆ ಹೊರಡು."

ಹಾಗೆನ್ನುವಾಗ ಅಮ್ಮನ ಕಣ್ಣು ವಾಣಿಯ ಕಡೆ ಹೋಗುತ್ತಿತ್ತು. ವಾಣಿ ತಲೆ ತಗ್ಗಿಸುತ್ತಿದ್ದಳು. ಸೊಸೆ ಅಮ್ಮನ ಕಿವಿ ಊದಿದ್ದಾಳೆ ಎಂದು ಮಾಧವಿ ಬಸ್ಸಿನಲ್ಲಿ ಕೂತು ಅತ್ತದ್ದೂ ಉಂಟು.

*

ಸಾವಿನ ಮನೆಯಲ್ಲಿ ಮೆಲ್ಲಗೆ ಮಾತಾಡಬೇಕು ನಿಜ, ಆದರೆ ಮೊಬೈಲಿಗೆ ಆ ಕಟ್ಟುಪಾಡಿಲ್ಲ. ಮಾಧವಿ ಹಾಲ್‌ಗೆ ಬರುವಷ್ಟರಲ್ಲಿ ಎಲ್ಲರ ಕೈಯಲ್ಲೂ ಕೌದಿ ಇತ್ತು. ಮಂಜುನಾಥ ವ್ಯಾನ್ ತರಲು ಹೋಗಿದ್ದ. ಪೆಟ್ಟಿಗೆಯ ಪಕ್ಕ ಕೂತಿದ್ದ ಚಿಕ್ಕಮ್ಮ ಅಕ್ಕಯಮ್ಮ ಕನ್ನಡಕ ಏರಿಸಿದಳು.

"ನಮ್ಮಕ್ಕನ ಹೊಲಿಗೆ ನಂಗೊತ್ತಿಲ್ವಾ? ಇದು ಅವ್ಳದ್ದಲ್ಲ. ವಾಣಿ, ಬಾಮ್ಮ ಇಲ್ಲಿ. ಇದನ್ನ ಬಿಚ್ಚಿದ್ಯಾರು?"

ವಾಣಿ ನೀರಿನ ಬಕೆಟ್ ಕೆಳಗಿಟ್ಟಳು. "ನಾನೇ."

"ಯಾಕೆ?"

ವಾಣಿ ಪೆಟ್ಟಿಗೆಯೊಳಗಿನ ಅತ್ತೆಯನ್ನು ನೋಡಿದಳು.

"ತಗೊಂಬನ್ನಿ ಕೌದೀನ. ಎಲ್ರ ಮುಂದೆ ಬಿಚ್ಚಣ. ಆಮೇಲೆ ಸುಟ್ಟು ಹೋದ್ರೆ ಯಾರನ್ನ ಕೇಳೋದು?" ಎಂದಳು ಅಕ್ಕಯಮ್ಮ.

"ಮೊದ್ಲು ನಾನ್ ನೋಡ್ತೀನಿ" ಎಂದು ಮಾಧವಿ ವಾಣಿಯ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಚಿಲಕ ಹಾಕಿದಳು.

ಒಂದೇ ಎಳೆ ಎಳೆದದ್ದಕ್ಕೆ ಹೊಲಿಗೆಯೆಲ್ಲ ಬಿಚ್ಚಿಕೊಂಡಿತು. ಕೈ ತೂರಿಸಿದಳು. ತಣ್ಣಗೆ, ನುಣ್ಣಗೆ ಏನೋ ಸಿಕ್ಕಿತು. ಎಳೆದರೆ ಆಸ್ಪತ್ರೆಗಳಲ್ಲಿ ಹಾಸುವ ರಬ್ಬರ್ ಶೀಟ್. ಡೆಟಾಲ್ ವಾಸನೆ ಮೂಗಿಗೆ ಅಡರಿತು.

"ಅತ್ತೇಗೆ ರಾತ್ರಿ ಹೊತ್ತು ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ ಅಕ್ಕ" ಎಂದಳು ವಾಣಿ. "ಮೇಲೆ ಹಾಸಿದ್ರೆ ಬಂದೋರ ಕಣ್ಣಿಗೆ ಬೀಳುತ್ತೆ, ಒಳಗಿಟ್ಟು ಹೊಲಿ ಅಂದ್ರು. ಮತ್ತೆ ಮತ್ತೆ ಬಿಚ್ಚಿ ತೊಳೀಬೇಕಲ್ಲ, ಅದಕ್ಕೇ ಉದ್ದುದ್ದ ಹೊಲಿಗೆ ಹಾಕ್ತಿದ್ದೆ. ನಮ್ಮನೆಯವ್ರಿಗೂ ಗೊತ್ತಿಲ್ಲ."

ಕೇಳಬಾರದೆಂದುಕೊಂಡರೂ ಮಾಧವಿ ಕೇಳಿಯೇಬಿಟ್ಟಳು. "ಒಳಗೆ ಚಿನ್ನ ಏನಾದ್ರೂ..."

"ಬರೀ ಬಟ್ಟೆ ಅಕ್ಕ. ನಿಮ್ ಲಂಗಗಳೇ ಜಾಸ್ತಿ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮ್ಗಂತೂ ಹೇಳ್ಲೇಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ರು. 'ಅವ್ಳ ಕಣ್ಣಿಗೆ ನಾನು ಹಿಂಗೆ ಕಾಣ್ಬಾರ್ದು' ಅಂತ."

ಮಾಧವಿಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಬೆಳಗಿನಿಂದ ಬಾರದಿದ್ದ ಅಳು ಈಗ ಒತ್ತರಿಸಿ ಬಂತು. ಹೊರಗೆ ಅಕ್ಕಯಮ್ಮ ಬಾಗಿಲು ಬಡಿಯುತ್ತಿದ್ದಳು. ಇದ್ದದ್ದು ಇದ್ದಹಾಗೆ ಹೇಳಿದರೆ ವಾಣಿ ಪಾರಾಗುತ್ತಾಳೆ, ಆದರೆ ಅಮ್ಮ ಇಷ್ಟು ದಿನ ಕಾಪಾಡಿಕೊಂಡ ಮಾನ ಹೆಣದ ಮುಂದೆಯೇ ಹೋಗುತ್ತದೆ. ಹೇಳದಿದ್ದರೆ ವಾಣಿ ಸಾಯುವವರೆಗೂ ಕಳ್ಳಿ.

ಅವಳು ಶೀಟನ್ನು ಒಳಕ್ಕೆ ತಳ್ಳಿ, ಬಿಚ್ಚಿದ ಬಾಯಿ ಕಾಣದಂತೆ ಕೌದಿಯನ್ನು ಮಡಚಿ ಎದೆಗವಚಿಕೊಂಡು ಹೊರಗೆ ಬಂದಳು.

"ಬಿಚ್ಚಿ ನೋಡೋಕೆ ಏನೂ ಉಳ್ದಿಲ್ಲ ಚಿಕ್ಕಮ್ಮ. ಒಳಗಿದ್ದಿದ್ದನ್ನ ನಾನೇ ತಗೊಂಡಿದ್ದೀನಿ. ಅಮ್ಮ ನಂಗೇ ಅಂತ ಕೊಟ್ಟಿದ್ದು. ವಾಣಿ ನನ್ ಮಾತಿಗೆ ಹೊಲಿದ್ಳು, ಅಷ್ಟೇ."

ವಾಣಿ ಬಾಯಿ ತೆರೆದಳು. ಮಾಧವಿ ಅವಳ ಕೈಯನ್ನು ಬಲವಾಗಿ ಅದುಮಿದಳು.

"ಮತ್ತೆ ಫೋಟೋ ಯಾಕೆ ಹಾಕ್ದೆ?"

"ಕಳ್ತನಾನ ಇವ್ಳ ಮೇಲೆ ಹಾಕೋಣ ಅಂತ."

ಪೆಟ್ಟಿಗೆಯ ಮೋಟಾರ್ ಗುಂಯ್‌ಗುಡುತ್ತಿತ್ತು. ಮಾಧವಿ ಕೌದಿಯನ್ನು ಅಮ್ಮನ ಕಾಲ ಬಳಿ ಇಟ್ಟು, ಚಾಪೆಯ ಮೇಲೆ ಚಿಕ್ಕಮ್ಮನ ಪಕ್ಕ ಕೂತಳು.

ಅಕ್ಕಯಮ್ಮ ಅವಳ ಕಡೆ ನೋಡಲಿಲ್ಲ. ಇಬ್ಬರ ನಡುವೆ ನೆಲದ ಮೇಲಿದ್ದ ತನ್ನ ಪರ್ಸನ್ನು ಮೆಲ್ಲಗೆ ಎತ್ತಿ, ಮಡಿಲಲ್ಲಿಟ್ಟುಕೊಂಡು, ಮೇಲೆ ಸೆರಗು ಹೊದಿಸಿದಳು.